ಗಂಟಿನ ಕೆಳಗಿನ ಚಿಗುರು

ಅಕ್ಕಾ,

ಇವತ್ತು ನಿಮ್ಮ ಮನೆಗೆ ಹೋಗಿದ್ದೆ. ನೀನು ಹೋದ ಮೇಲೆ ಇದೇ ಮೊದಲು. ಚಪ್ಪಲಿ ಬಿಡಲೂ ಬಿಡದೆ ಭಾವ ಹಿತ್ತಲಿಗೆ ಎಳೆದುಕೊಂಡು ಹೋದರು. “ನೋಡು, ನಿಮ್ಮಕ್ಕನ ಮೇಪಲ್ ನನ್ನೆತ್ತರ ಆಗಿದೆ!”

ಮೇಪಲ್ಲೇನೋ ಹೌದು. ಎಲೆಗಳು ಎದುರುಬದುರು ಜೋಡಿ, ಬೀಜಕ್ಕೆ ಎರಡು ರೆಕ್ಕೆ. ಆದರೆ ನಿನ್ನದು ಕತ್ತರಿಯಲ್ಲಿ ಸೀಳಿದಂಥ ಏಳು ಬೆರಳಿನ ಕೆಂಪೆಲೆ. ಇದು ಐದು ಬೆರಳಿನ ಅಗಲ ಹಸಿರೆಲೆ. ಬಗ್ಗಿ ಬುಡ ನೋಡಿದೆ. ಕಸಿ ಕಟ್ಟಿದ ಗಂಟಿನ ಮೇಲೆ ಒಣಗಿದ ಮೋಟು ಮಾತ್ರ ಇತ್ತು. ಬೆಳೆದಿದ್ದೆಲ್ಲ ಗಂಟಿನ ಕೆಳಗಿನದು, ನಿನ್ನ ಕೆಂಪನ್ನು ಕೂರಿಸಿದ್ದ ಬೇರೆ ಗಿಡದ್ದು.

“ಅಲ್ಲಿ ಚಿಗುರಿದ್ದನ್ನ ಚಿವುಟ್ತಾ ಇರು, ಇಲ್ಲಾಂದ್ರೆ ಕೆಂಪನ್ನ ಸಾಯಿಸುತ್ತೆ. ನಿಮ್ಮ ಭಾವಂಗೆ ಇದೆಲ್ಲ ಗೊತ್ತಾಗಲ್ಲ, ನೀನೇ ಬಂದು ನೋಡ್ಕೋ” ಎಂದು ಆಸ್ಪತ್ರೆಯಲ್ಲಿ ನೀನು ಹೇಳಿದ್ದೆ.

“ದಿನಾ ನೀರು ಹಾಕ್ತೀನಿ. ಬಣ್ಣ ಮಾತ್ರ ಯಾಕೋ ಬಂದಿಲ್ಲ,” ಎಂದರು ಭಾವ. “ಅವಳದೇ ತಾನೆ?”

“ಅವಳದೇ ಭಾವ. ಬಣ್ಣ ಬರುತ್ತೆ,” ಎನ್ನುತ್ತಾ ಕಾಲಿನಿಂದ ಗಂಟಿನ ಮೇಲೆ ಮಣ್ಣು ಎಳೆದೆ.

ಅವತ್ತು ಆಸ್ಪತ್ರೆಯಲ್ಲಿ ನಾನು “ಹುಷಾರಾಗ್ತೀಯ ಅಕ್ಕ” ಎಂದಾಗ ನೀನು ನನ್ನ ಮುಖ ನೋಡಿ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಇವತ್ತು ಭಾವ ನಂಬಿದರು. ಖುಷಿಯಿಂದ ಪೈಪು ತಂದು ಬುಡಕ್ಕೆ ನೀರು ಬಿಟ್ಟರು. ನಾನು ಎಳೆದ ಮಣ್ಣು ಕರಗತೊಡಗಿತು.