ಜೈನಾಬೀಯ ಎಮ್ಮೆ ಮತ್ತು ನನ್ನ ನಾಲಿಗೆ

3 ಜೂನ್ 2024, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಮರಳಿ ಹಳ್ಳಿಯಿಂದ ಫೋನು. ಜೈನಾಬೀ. ಎಮ್ಮೆ ಮತ್ತೆ ಕಂದು ಹಾಕಿದೆ. ಆರನೆಯ ತಿಂಗಳಿಗೇ ಗರ್ಭ ಬಿದ್ದಿದೆ. ಎರಡು ವರ್ಷದಲ್ಲಿ ಅವಳ ಕೊಟ್ಟಿಗೆಯಲ್ಲಿ ಇದು ಮೂರನೆಯದು. ಹೋದೆ. ಇಂಜೆಕ್ಷನ್ ಕೊಟ್ಟೆ, ಗುಳಿಗೆ ಕೊಟ್ಟೆ. ಇಪ್ಪತ್ತೆಂಟು ವರ್ಷದ ಸರ್ವಿಸು. ದನದ ಇನ್ಸ್‌ಪೆಕ್ಟರ್ ದೇವೇಂದ್ರಪ್ಪ ಅಂದರೆ ಸುತ್ತ ಹತ್ತು ಹಳ್ಳಿಗೆ ಗೊತ್ತು. ಆದರೂ ಈ ಜನಕ್ಕೆ ನೆಟ್ಟಗೆ ಮೇವು ಹಾಕುವುದನ್ನು ಕಲಿಸಲಾಗಲಿಲ್ಲ. ದಡ್ಡ ಮುಂಡೇವು.

"ನಮ್ಮ ರಫೀನ ಲಗ್ನ ಆದಾಗಿಂದ ಹಿಂಗ ಆಗಾಕತ್ತೈತ್ರಿ ಸಾಹೇಬ್ರ," ಅಂದಳು ಮುದುಕಿ. ಸೊಸೆ ನಾಹೀದಾ ಅಲ್ಲೇ ಕೈ ತೊಳೆಯಲು ನೀರು ಹಿಡಿದು ನಿಂತಿದ್ದಳು. ಎಮ್ಮೆ ನೋಡಲು ನೆರೆಮನೆಯ ನಾಲ್ಕು ಮಂದಿಯೂ ಸೇರಿದ್ದರು.

ತಲೆ ಕೆಟ್ಟಿತು. "ಹಂಗಾರ ನನ್ನ ಯಾಕ ಕರದಿಬೇ? ಸೊಸೀನ ತವರಿಗಿ ಕಳಿಸು, ಎಮ್ಮಿ ತಾನ ಈಯತೈತಿ!" ಅಂದೆ. ವ್ಯಂಗ್ಯ ತಿಳಿಯುವ ಮುಖವೇ ಅಲ್ಲ. ಪಿಳಿಪಿಳಿ ನೋಡಿದಳು.

11 ಜೂನ್

ಹೊಸ ಡಾಕ್ಟರ್, ಅಮೃತಾ ಮೇಡಂ. ಬಂದು ತಿಂಗಳಾಗಿಲ್ಲ, ಆಗಲೇ ಮರಳಿಯ ಹದಿನಾಲ್ಕು ಎಮ್ಮೆಗಳ ರಕ್ತ ತೆಗೆಸಿದಳು. ಕಂದು ಹಾಕಿಸುವ ಬ್ರೂಸೆಲ್ಲಾ ಟೆಸ್ಟ್ ನೆಗೆಟಿವ್. "ಬ್ಯಾರೆ ಏನೋ ಐತ್ರಿ ದೇವೇಂದ್ರಪ್ಪನವ್ರ," ಅಂತಾಳೆ.

ಪ್ರೋಟೋಝೋವಾ ಅಂತೆ. ಕಣ್ಣಿಗೆ ಕಾಣದ ಜೀವವಂತೆ. ಮಾಂಸದಲ್ಲಿ, ಮಿದುಳಿನಲ್ಲಿ ಗೂಡು ಕಟ್ಟಿಕೊಂಡು ವರ್ಷಗಟ್ಟಲೆ ತೆಪ್ಪಗೆ ಕೂತಿರುತ್ತದಂತೆ. ಎಮ್ಮೆ ಗಬ್ಬವಾದಾಗ ಎದ್ದು ಹೊಟ್ಟೆಯೊಳಗಿನ ಕರುವನ್ನು ಕೊಲ್ಲುತ್ತದಂತೆ. ಅಂತೆ... ಅಂತೆ... ನಾನು ಸಿರಿಂಜ್ ಹಿಡಿದಾಗ ಇವಳಿನ್ನೂ ಹುಟ್ಟಿರಲಿಲ್ಲ.

ಇನ್ನೊಂದು ಟೆಸ್ಟಿಗೆ ಲ್ಯಾಬಿಗೆ ಕಳಿಸುವ ರಕ್ತದ ಐಸ್ ಬಾಕ್ಸ್ ಹೊತ್ತು ಗಂಗಾವತಿ ಬಸ್ಸಿಗೆ ಏರಿಸಿದ್ದು ಮಾತ್ರ ನಾನೇ. ಬಿಸಿಲಿಗೆ ಬೆನ್ನು ಸುಟ್ಟಿತು.

24 ಜೂನ್

ಮರಳಿ. ಜೈನಾಬೀಯ ಮನೆಯಲ್ಲಿ ಸೊಸೆ ಕಾಣಲಿಲ್ಲ. ಕೇಳಿದೆ.

"ನೀವ ಹೇಳಿದ್ರಲ್ರಿ. ಕನಕಗಿರಿಗಿ ಕಳಿಸೇವಿ, ಆಕಿ ತವರಿಗಿ."

"ನಾ ಚಾಷ್ಟಿ ಮಾಡೇನಬೇ!"

"ಡಾಕ್ಟರ್ ಮಂದಿ ಚಾಷ್ಟಿ ಮಾಡ್ತಾರೇನ್ರಿ? ಇನ್ನೊಂದ್ ಎಮ್ಮಿ ಗಬ್ಬ ಐತಿ. ಅದು ಛಲೋತ್ನಾಗ ಈದ್ರ ಆಕೀದ ಕಾಲ್ಗುಣ ಅಂತ ಖಾತ್ರಿ ಆತು. ಮತ್ತ ಕರಸಂಗಿಲ್ಲ."

ಆ ರಫೀ, ಗಂಡ ಅನ್ನಿಸಿಕೊಂಡವನು, ಬಣವೆಗೆ ಒರಗಿ ಮೊಬೈಲ್ ತೀಡುತ್ತ ಕೂತಿದ್ದ. ಥೂ! ನನಗೇನು? ಅವರ ಮನೆ, ಅವರ ಸೊಸೆ. ಗಾಡಿ ಹತ್ತಿ ಬಂದೆ.

9 ಜುಲೈ, ಮಧ್ಯಾಹ್ನ 3

ರಿಪೋರ್ಟ್ ಬಂತು. ನಿಯೋಸ್ಪೋರಾ, ಮೇಡಂ ಹೇಳಿದ್ದ ಅದೇ ಪ್ರೋಟೋಝೋವಾ. ಹದಿನಾಲ್ಕರಲ್ಲಿ ಒಂಬತ್ತಕ್ಕೆ. ಔಷಧವಿಲ್ಲ. ನಾಯಿಯಿಂದ ಬರುವುದಂತೆ. ಎಮ್ಮೆ ಈದ ಮೇಲೆ ಬೀಳುವ ಮಾಸನ್ನು ನಾಯಿ ತಿನ್ನುತ್ತದೆ. ನಾಯಿಯ ಹೇಲು ಮೇವಿಗೆ, ನೀರಿಗೆ ಸೇರುತ್ತದೆ. ಅದು ಮತ್ತೆ ಎಮ್ಮೆಯ ಹೊಟ್ಟೆಗೆ.

ಮೇಡಂ ಮರಳಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದಳು. "ಮಾಸು ಏನ್ ಮಾಡ್ತೀರಿ?"

"ತಿಪ್ಪಿಗಿ ಒಗಿತೀವ್ರಿ."

"ಮೊದ್ಲಿಂದ ಹಿಂಗ ಏನ್ರಿ?"

ಪಾರಮ್ಮ ಅಂತ ಒಬ್ಬ ಮುದುಕಿ, ಬಾಯಲ್ಲಿ ಒಂದೂ ಹಲ್ಲಿಲ್ಲ. "ಇಲ್ಲವ್ವಾ. ಮೊದ್ಲ ಹುಲ್ಲಾಗ ಸುತ್ತಿ ಆಲದ ಮರಕ್ಕ ಕಟ್ಟತಿದ್ವಿ, ನಾಯಿಗಿ ನಿಲುಕಬಾರ್ದಂತ. ಎರಡ್ ವರ್ಷ ಆತು, ಈ ಸಾಹೇಬ್ರ ಬಿಡಿಸಿದ್ರು."

ಎಲ್ಲರೂ ನನ್ನನ್ನೇ ನೋಡಿದರು. ಹೌದು. ಆ ಆಗಸ್ಟ್ ಹದಿನೈದರ ಭಾಷಣ ನನ್ನದೇ. ಮೂಢನಂಬಿಕೆ, ಗಲೀಜು, ನಾಚಿಕೆಗೇಡು ಎಂದು ಅರ್ಧ ಗಂಟೆ ಕೂಗಿದ್ದೆ. ಏಣಿ ಹಾಕಿಸಿ ಮರದ ಗಂಟುಗಳನ್ನೆಲ್ಲ ಕೊಯ್ಯಿಸಿದ್ದೆ. ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತದೆ ಎಂದವನೂ ನಾನೇ. ಶಾಲು ಹೊದಿಸಿದ್ದರು. ಯಾಕೆ ಕಟ್ಟುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಮೇಡಂ ಪೆನ್ನು ತೆಗೆದು ಪಾರಮ್ಮನ ಮಾತು ಬರೆದುಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

10 ಜುಲೈ

ರೊಟ್ಟಿ ಸೇರಲಿಲ್ಲ. ಹೆಂಡತಿ ಗುರುಲಿಂಗಮ್ಮ ಕೇಳಿದಳು. ಪಿತ್ತ ಅಂದೆ.

18 ಜುಲೈ, ಗುರುವಾರ

ಮೊಹರಂ ಮುಗಿಯಿತು. ಹಬ್ಬಕ್ಕೂ ನಾಹೀದಾಳನ್ನು ಕರೆಸಿಲ್ಲವಂತೆ. ತಡೆಯಲಾಗಲಿಲ್ಲ. ಹೋದೆ. ಜೈನಾಬೀ ಸೆಗಣಿ ಬಾಚುತ್ತಿದ್ದಳು. ನಿಂತಲ್ಲೇ ಹೇಳಿದೆ: ಹುಡುಗಿಯ ಕಾಲ್ಗುಣ ಅಲ್ಲ, ಮಾಸು ತಿಪ್ಪೆಗೆ ಹಾಕಿಸಿದ ನನ್ನದು ತಪ್ಪು. ಸೊಸೆಯನ್ನು ಕರೆಸು.

ಮುದುಕಿ ಸೆಗಣಿಗೈಯಲ್ಲೇ ಸೊಂಟಕ್ಕೆ ಕೈ ಇಟ್ಟಳು. "ನಿಮ್ಮ ಮಾತಿಗಿ ಕಳಿಸೇವ್ರಿ. ಊರ ಮಂದಿಗೆಲ್ಲಾ ಗೊತ್ತೈತಿ. ಈಗ ನಾ ಯಾವ ಮಾರಿ ತಗೊಂಡ್ ಹೋಗ್ಲಿ? ನೀವ ಹೋಗ್ರಿ."

ದಡ್ಡ ಮುದುಕಿ ಅಂದುಕೊಂಡಿದ್ದೆ. ಒಂದೇ ಮಾತಿಗೆ ನನ್ನನ್ನೇ ಕನಕಗಿರಿ ದಾರಿಗೆ ಹಚ್ಚಿದಳು.

19 ಜುಲೈ, ಶುಕ್ರವಾರ, ಮಧ್ಯಾಹ್ನ 1.40, ಕನಕಗಿರಿ

ಅರ್ಧ ದಿನ ಸಿ.ಎಲ್. ರಜೆ ಹಾಕಿದೆ. ನಾಹೀದಾಳ ತವರಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲು ತೆಗೆದವಳು ಅವಳೇ. ಸೊರಗಿದ್ದಾಳೆ. ರಿಪೋರ್ಟ್ ತೋರಿಸಿ, ನಾಯಿ, ಮಾಸು, ಗೂಡು ಕಟ್ಟುವ ಜೀವ ಅಂತ ಶುರು ಮಾಡಿದೆ. ಇಲ್ಲೂ ಭಾಷಣ! ಥೂ ನನ್ನ ಜನ್ಮಕ್ಕೆ.

ಪೂರ್ತಿ ಕೇಳಿದಳು. ಆಮೇಲೆ ಅಂದಳು, "ಎಮ್ಮಿ ರಕ್ತ ತಗದು ಲ್ಯಾಬಿಗಿ ಕಳಿಸಿದ್ರಿ. ನನ್ನ ಯಾರರ ಒಂದ್ ಮಾತು ಕೇಳಿದ್ರೇನ್ರಿ?"

ರಿಪೋರ್ಟ್ ಮಡಚಿದೆ.

"ಅಪ್ಪ ಜುಮ್ಮಾ ನಮಾಜಿಗಿ ಹೋಗ್ಯಾನ. ಬರ್ಲಿ. ಅಲ್ಲಿ ನಾಕ್ ಮಂದಿ ಮುಂದ ಅಂದಿದ್ರಿ, ಇಲ್ಲೂ ನಾಕ್ ಮಂದಿ ಮುಂದ ಹೇಳ್ರಿ." ಕುಡಿಯಲು ನೀರಿಟ್ಟು ಒಳಗೆ ಹೋದಳು.

ಓಣಿಯ ತುದಿಯಲ್ಲಿ ಟೋಪಿಗಳು ಕಾಣುತ್ತಿವೆ. ಮುಂದೆ ಬರುತ್ತಿರುವವನೇ ಅವಳಪ್ಪ ಮಕ್ಬುಲಸಾಬ ಇರಬೇಕು. ನಾಹೀದಾ ಬಾಗಿಲಿಗೆ ಬಂದು ನಿಂತಳು. ರಿಪೋರ್ಟ್ ಚೀಲದೊಳಗೆ ಇಟ್ಟೆ. ಅದನ್ನು ಹಿಡಿದು ಹೇಳುವ ಮಾತಲ್ಲ ಇದು. ಎದ್ದು ನಿಂತು ಹೇಳಬೇಕು. ಮೊದಲು ಹೇಳಬೇಕಾದ್ದು ಎಮ್ಮೆಯ ಮಾತಲ್ಲ, ಅವತ್ತು ಇವಳ ಎದುರು ನಾನಾಡಿದ ಮಾತು ತಪ್ಪು ಅಂತ —