ರೇಡಿಯೊ ಅಕ್ಕನ ರೆಪ್ಪೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.15

ಇವತ್ತು ಬೆಳಗಿನ ರೇಡಿಯೊ ಪ್ರೋಗ್ರಾಂನಲ್ಲಿ ಎರಡು ಜಗಳ ವಿಚಾರಿಸಿದೆ, ಆಚೆ ಬಂದು ಒಂದನ್ನು ಹುಟ್ಟಿಸಿದೆ. ಅಣ್ಣತಮ್ಮಂದಿರ ಟೆರೇಸ್ ಜಗಳ ಫೋನಿನಲ್ಲೇ ತಣ್ಣಗಾಯಿತು. ಗಂಡಹೆಂಡಿರ ಗೊರಕೆ ಜಗಳಕ್ಕೆ ವಾಯಿದೆ ಕೊಟ್ಟೆ. ಮೂರನೆಯದು ನನ್ನದು, ಮ್ಯಾನೇಜರದು. ಸ್ಟುಡಿಯೊಗೆ ಕ್ಯಾಮೆರಾ ಬರುತ್ತದಂತೆ.

"ರೇಡಿಯೊಗ್ಯಾಕೆ ಸರ್ ಕ್ಯಾಮೆರಾ?"

"ಎಲ್ಲರೂ ಹಾಕ್ಸಿದಾರೆ ಮೇಡಂ. ಮೊಬೈಲ್‌ನಲ್ಲಿ ಲೈವ್ ಹೋಗುತ್ತೆ."

ಕಿವಿಗೆ ಕಾಡಿಗೆ ಹಚ್ಚಿದ ಹಾಗೆ. ಇಷ್ಟು ವರ್ಷ ಕಣ್ಣು ಮುಚ್ಚಿಯೇ ಮಾತಾಡಿದವಳು ನಾನು. ಮುಚ್ಚಿದರೆ ಆಚೆಯವರ ಉಸಿರು ಕೇಳುತ್ತದೆ. ಉಸಿರು ಕೇಳಿದರೆ ಅರ್ಧ ಜಗಳ ತಿಳಿದ ಹಾಗೆ. ಉಳಿದರ್ಧ ಹಿಂದೆ ಕುಕ್ಕುವ ಪಾತ್ರೆಗಳ ಸದ್ದಿನಲ್ಲಿರುತ್ತದೆ. ಇದನ್ನು ಮ್ಯಾನೇಜರಿಗೆ ವಿವರಿಸಿದೆ. ಕತ್ತು ಆಡಿಸಿದರು. ಕಣ್ಣು ಮೊಬೈಲಿನಲ್ಲಿತ್ತು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ನನ್ನ ಮುಖದ ಲೋಕಾರ್ಪಣೆ ಆಯಿತು. ಲೋಕ ಸ್ವೀಕರಿಸಲಿಲ್ಲ.

ಕಾಮೆಂಟುಗಳು: "ಅಕ್ಕ ನಿದ್ದೆ ಮಾಡ್ತಿದಾರಾ?" "ಆ ಧ್ವನಿಗೆ ಈ ಮುಖಾನಾ?" "ಕಣ್ಣ ಕೆಳಗೆ ಎರಡು ಚೀಲ... ಅಕ್ಕ ಮಾರ್ಕೆಟ್‌ಗೆ ಹೊರಟ್ರಾ?" ಕೊನೆಯವನು ನಮ್ಮ ಹಳೆಯ ಕೇಳುಗ. ಹೋದ ವರ್ಷ "ನಿಮ್ಮಿಂದ ನನ್ನ ಸಂಸಾರ ಉಳೀತು ಅಕ್ಕ" ಎಂದು ಗದ್ಗದನಾಗಿದ್ದ. ಉಳಿಸಬಾರದಿತ್ತು.

ಮ್ಯಾನೇಜರು ಬಾಗಿಲು ಹಾಕಿಕೊಂಡು, ಸಾವಿನ ಸುದ್ದಿ ಹೇಳುವ ದನಿಯಲ್ಲಿ — "ಸಣ್ಣ ಕೆಲಸ ಮೇಡಂ. ಮೇಲಿನ ರೆಪ್ಪೆ ಸ್ವಲ್ಪ ಎತ್ತೋದು, ಕೆಳಗಿನ ಚೀಲ ತೆಗೆಯೋದು. ಕ್ಲಿನಿಕ್‌ನವರೇ ನಮ್ಮ ಪ್ರೋಗ್ರಾಂ ಸ್ಪಾನ್ಸರ್ ಮಾಡ್ತಾರೆ. ನಿಮಗೆ ಫ್ರೀ."

"ಬೇಡ ಅಂದ್ರೆ?"

"ನಾನೇನೂ ಬಲವಂತ ಮಾಡಲ್ಲ. ಹವಾಮಾನ ಓದೋ ಹುಡುಗಿ ನಿಮ್ಮ ಬೆಳಗಿನ ಸ್ಲಾಟ್ ಕೇಳ್ತಿದಾಳೆ, ಅಷ್ಟೇ."

ಆ ಅಷ್ಟೇ ಇದೆಯಲ್ಲ, ಅದಕ್ಕೆ ಕೊಡಲಿಯ ಕಾವು ಹಾಕಿಸಬಹುದು.

ಮಾರ್ಚ್ 11. ಸಂಜೆ

ಮನೆಯಲ್ಲಿ ವಿಷಯ ತೆಗೆದೆ. ಗಂಡ ಪೇಪರಿನಿಂದ ತಲೆ ಎತ್ತದೆ "ನಿನ್ನ ಮುಖಕ್ಕೇನಾಗಿದೆ, ಚೆನ್ನಾಗೇ ಇದೆ" ಎಂದರು. ನೋಡಿ ಹೇಳಿ ಎಂದೆ. ನೋಡಿದರು. ಪೇಪರಿನ ಪುಟ ತಿರುಗಿಸಿದರು.

ಅತ್ತೆ: "ಹುಟ್ಟಿದ ಮುಖಾನ ಕುಯ್ಸೋದು ಅಂದ್ರೇನು? ಮಾನಸ್ಥರ ಮನೆ ಇದು." ಆಮೇಲೆ, ತಟ್ಟೆ ಎತ್ತುತ್ತಾ: "ಆದ್ರೂ ನೀನು ನನಗಿಂತ ದೊಡ್ಡೋಳ ಥರ ಕಾಣ್ತೀಯಮ್ಮ."

ನಾದಿನಿ ಬಂದಿದ್ದಳು. ಹೋದ ವರ್ಷ ಮೂಗು ಸರಿಮಾಡಿಸಿಕೊಂಡವಳು. ಇದೇ ಅತ್ತೆ ಬಂದವರಿಗೆಲ್ಲ ಅವಳ ಹಳೆಯ ಫೋಟೊ ತೋರಿಸುತ್ತಿದ್ದರು, ಹೋದವರ ಫೋಟೊ ತೋರಿಸುವ ಹಾಗೆ. ಈಗ ಅವಳ ಸರದಿ. ಕಾಲ ಮೇಲೆ ಕಾಲು ಹಾಕಿ ಕೂತಳು.

"ಬನ್ನಿ ಅತ್ತಿಗೆ, ನಮ್ಮ ಪಕ್ಷಕ್ಕೆ. ಮಾಡಿಸ್ಕೊಳ್ಳದೆ ಇದ್ರೆ ಮುದುಕಿ ಅಂತಾರೆ, ಮಾಡಿಸ್ಕೊಂಡ್ರೆ ಪ್ಲಾಸ್ಟಿಕ್ ಅಂತಾರೆ. ಬೈಗುಳ ಹೇಗೂ ತಪ್ಪಲ್ಲ, ಫೋಟೊ ಆದ್ರೂ ಚೆನ್ನಾಗಿ ಬರುತ್ತೆ."

ಈ ಮನೆಯಲ್ಲಿ ಇದುವರೆಗೆ ಆಡಿದ ಒಂದೇ ಬುದ್ಧಿವಂತಿಕೆಯ ಮಾತು. ಅದಕ್ಕೇ ಸಿಟ್ಟು ಬಂತು.

ಮಾರ್ಚ್ 13, ಗುರುವಾರ

ಮ್ಯಾನೇಜರ ಆಜ್ಞೆ: ಇವತ್ತು ಜಗಳ ಬೇಡ, ಚರ್ಚೆ. ಸೌಂದರ್ಯ ಸರ್ಜರಿ ಸರಿಯೋ ತಪ್ಪೋ? ಫೋನುಗಳು ಹುಚ್ಚೆದ್ದವು.

ಒಬ್ಬ ರಿಟೈರ್ಡ್ ಮೇಷ್ಟ್ರು: "ಹೆಣ್ಮಕ್ಕಳು ಮುಖಕ್ಕೆ ಕತ್ತಿ ಹಾಕಿಸ್ಕೊಳ್ಳೋದು ಸಮಾಜದ ಅಧಃಪತನ."

"ಸರಿ ಸರ್, ಧನ್ಯವಾದ."

"ಒಂದ್ನಿಮಿಷ. ನಿಮ್ಮ ಲೈವ್ ನೋಡಿದೆ. ನೀವು ಮಾತ್ರ ಒಂದ್ಸಲ ಡಾಕ್ಟರಿಗೆ ತೋರಿಸ್ಬೇಕಮ್ಮ."

ಸಮಾಜ ಬಿದ್ದರೂ ಸರಿ, ನನ್ನ ರೆಪ್ಪೆ ಏಳಬೇಕಂತೆ.

ಮಾರ್ಚ್ 17

ಹೂಂ ಅಂದೆ. ಸ್ಲಾಟಿಗಾಗಿ. ಬೇರೆ ಕಾರಣ ಇದ್ದರೆ ಅದು ಈ ಡೈರಿಗೂ ಬೇಡ.

ಏಪ್ರಿಲ್ 2, ಬುಧವಾರ

ಊತ ಇಳಿದಿದೆ, ನೀಲಿ ಹೋಗಿದೆ. ಕನ್ನಡಿಯಲ್ಲಿ ಯಾರೋ ಸದಾ ಆಶ್ಚರ್ಯಪಡುತ್ತಿರುವ ಹೆಂಗಸು. ಏನಾಯ್ತಮ್ಮಾ ಎಂದು ಕೇಳಬೇಕೆನಿಸುತ್ತದೆ.

ತೊಂದರೆ ಒಂದೇ. ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಕೂದಲೆಳೆಯಷ್ಟು ಸಂದಿ. ಮಲಗುವಾಗ ಮುಲಾಮು ಹಚ್ಚಿ, ರೆಪ್ಪೆಗೆ ಟೇಪ್ ಅಂಟಿಸಿಕೊಳ್ಳಬೇಕು. ಎದ್ದು ಕೀಳುವಾಗ ಉರಿ... ಬೈಗುಳಗಳೆಲ್ಲ ತಾವಾಗಿ ನೆನಪಾಗುತ್ತವೆ. ಡಾಕ್ಟರು "ಕೆಲವರಿಗೆ ಹೀಗಾಗುತ್ತೆ, ನಿಧಾನಕ್ಕೆ ಸರಿಹೋಗುತ್ತೆ" ಎಂದರು. ಕೆಲವರು ಎಂದರೆ ಯಾರೆಂದು ಮೊದಲು ಹೇಳಿರಲಿಲ್ಲ. ನಾನಂತೆ.

ಅತ್ತೆ ನನ್ನ ಹಳೆಯ ಫೋಟೊ ಹುಡುಕುತ್ತಿದ್ದಾರೆ.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 11

ಹೊಸ ಮುಖದ ಮೊದಲ ದಿನವೇ ಮಣ್ಣುಮುಕ್ಕಿದೆ.

ಎದುರಿನ ಮಾನಿಟರಿನಲ್ಲಿ ನನ್ನದೇ ಮುಖ. ಕಣ್ಣು ಮುಚ್ಚೋಣವೆಂದರೆ ಸಂದಿಯಲ್ಲಿ ಅದೇ ಮುಖ. ತಾಯಿಯೊಬ್ಬಳ ಫೋನ್ ಬಂತು. ಏನೋ ಹೇಳುತ್ತಿದ್ದಳು. ಉಸಿರು ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ಎಡಗಣ್ಣು ಬಲಗಣ್ಣಿಗಿಂತ ದೊಡ್ಡದಾಯಿತೇ ಎಂದು ನೋಡುತ್ತಿದ್ದೆ. ಎರಡು ಸಲ "ಏನಂದ್ರಿ?" ಎಂದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಂದಿರಲಿಲ್ಲ.

"ನನ್ನ ಮಗಳು ಅಕ್ಕ. ಈಗಷ್ಟೇ ಕಾಲೇಜು ಸೇರಿದಾಳೆ. ಕಣ್ಣು, ಮೂಗು, ಎಲ್ಲಾ ಕುಯ್ಸಬೇಕಂತೆ. ಊಟ ಬಿಟ್ಟು ಕೂತಿದಾಳೆ. ಇರೋ ಮುಖಾನೇ ಚೆಂದ ಅಂತ ನೀವೇ ಒಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾಳೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿಯೇ ಫೋನ್ ಕಿತ್ತುಕೊಂಡಳು.

"ನೀವು ಮಾಡಿಸ್ಕೊಂಡಿದೀರಲ್ವಾ? ಲೈವ್ ನೋಡ್ತಿದೀನಿ. ಯಾವ ಡಾಕ್ಟರ್?"

ಗಾಜಿನ ಆಚೆ ಮ್ಯಾನೇಜರು ಕುಣಿಯುತ್ತಿದ್ದರು. ಕ್ಲಿನಿಕ್ಕಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಒತ್ತಿಹಿಡಿದಿದ್ದರು. ನಾನು ಹಾಡು ಹಾಕಿದೆ. ಹಾಡು ಮುಗಿಯುವಷ್ಟರಲ್ಲಿ ತಾಯಿ ಫೋನ್ ಇಟ್ಟಿದ್ದಳು.

ಕಾಮೆಂಟು: "ನಕಲಿ ಅಕ್ಕ." "ಮೊದಲಿನ ಮುಖವೇ ಚೆನ್ನಾಗಿತ್ತು." ಮಾರ್ಕೆಟ್ ಚೀಲದವನದೇ ಅದು, ಕೊನೆಯದು.

ಏಪ್ರಿಲ್ 7. ಸಂಜೆ

ಮ್ಯಾನೇಜರು ತಾಯಿಮಗಳಿಬ್ಬರನ್ನೂ ಹುಡುಕಿ, ನಾಳೆ ಸ್ಟುಡಿಯೊಗೆ ಕರೆಸಿದ್ದಾರೆ. ನನ್ನ ರೆಪ್ಪೆ ಎತ್ತಿದ ಸ್ಪಾನ್ಸರ್ ಡಾಕ್ಟರೂ ಬರುತ್ತಾರೆ. ತಾಯಿ ಒಪ್ಪಿದರೆ ಹುಡುಗಿಗೆ ಲೈವಿನಲ್ಲೇ ಫ್ರೀ ಆಪರೇಷನ್ ಘೋಷಣೆ.

"ಹುಡುಗಿ ಹೇಗೂ ನೋವಾಗುತ್ತಾ ಅಂತ ಕೇಳೇ ಕೇಳ್ತಾಳೆ. ನೀವು 'ನೋವೇ ಇಲ್ಲ, ಏನೂ ತೊಂದರೆ ಇಲ್ಲ' ಅಂತ ನಿಮ್ಮ ಧ್ವನೀಲಿ ಹೇಳಿದ್ರೆ ಸಾಕು ಮೇಡಂ. ಜನ ನಂಬ್ತಾರೆ."

"ತೊಂದರೆ ಇದೆ ಅಂದ್ರೆ?"

"ಯಾಕೆ ಅನ್ನೋದು? ಸ್ಲಾಟ್ ಬೇಡ್ವಾ ನಿಮಗೆ?"

ಬೇಕು. ಸ್ಲಾಟ್ ಹೋದರೆ ನನ್ನಲ್ಲಿ ಉಳಿಯುವುದು ಈ ಆಶ್ಚರ್ಯದ ಮುಖ ಒಂದೇ. ಆಶ್ಚರ್ಯಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 7.40. ಮೇಕಪ್ ಕುರ್ಚಿಯಲ್ಲಿ

ಬಂದಿದ್ದಾರೆ. ತಾಯಿ ಸೋಫಾದ ತುದಿಯಲ್ಲಿ ಕೂತಿದ್ದಾಳೆ, ಪೂರ್ತಿ ಕೂತರೆ ಒಪ್ಪಿದ ಹಾಗಾದೀತೆಂಬಂತೆ. ಹುಡುಗಿ ದುಂಡುಮುಖದವಳು. ಅವಳ ಕಣ್ಣಿಗೆ ಏನು ಕಡಿಮೆಯೋ ನನಗೆ ತಿಳಿಯಲಿಲ್ಲ. ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದಳು. ನಿನ್ನೆಯ ಜೋರು ಇರಲಿಲ್ಲ.

"ತುಂಬಾ ನೋವಾಗುತ್ತಾ?"

ಅಲ್ಲಿ ಕ್ಯಾಮೆರಾ ಇರಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದೆ. ಟೇಪಿನ ಕಥೆ ಹೇಳಿದೆ. ಫೋನಿನಲ್ಲಿ ನಿನ್ನ ಅಮ್ಮನ ಉಸಿರು ನನಗೆ ಕೇಳಲಿಲ್ಲ ಎಂದೂ ಹೇಳಿದೆ. ಹುಡುಗಿ ನನ್ನ ರೆಪ್ಪೆಯನ್ನೇ ನೋಡುತ್ತಾ ನಿಂತಳು.

"ಒಳಗೂ ಇದನ್ನೇ ಹೇಳ್ತೀರಾ?"

ಹೇಳ್ತೀನಿ ಅಂದುಬಿಟ್ಟೆ.

ಸ್ಟುಡಿಯೊದಲ್ಲಿ ಡಾಕ್ಟರು ನನ್ನ ಕುರ್ಚಿಯಲ್ಲೇ ಕೂತಾಯಿತು. ಮ್ಯಾನೇಜರು ಗಾಜು ತಟ್ಟುತ್ತಿದ್ದಾರೆ. ಮೊದಲ ವಾಕ್ಯ ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ನನ್ನ ಬಾಯಿ ನನ್ನ ಸ್ಲಾಟಿನ ಕಡೆ ಸೇರಿಬಿಡುತ್ತದೆ: "ಕೇಳುಗರೇ, ನಾನು ರೆಪ್ಪೆಗೆ..." ಬೇಡ, ಸುತ್ತುಬಳಸು. "ಕೇಳುಗರೇ, ಡಾಕ್ಟರು ಇಲ್ಲೇ ಇದ್ದಾರೆ, ಅವರ ಎದುರಿಗೇ ಹೇಳ್ತೀನಿ, ನನ್ನ ಕಣ್ಣು ಈಗ ಪೂರ್ತಿ ಮುಚ್ಚಲ್ಲ."