ಕಣ್ಣು ಮುಚ್ಚಿ ನೋಡಿದ ಸಿನಿಮಾ

ಪ್ರೀತಿಯ ಅಕ್ಕ,

ನಿನ್ನ ಮದುವೆಯಾದ ಮೇಲೆ ಮೊದಲ ಸಲ ಒಬ್ಬನೇ ದೈತ್ಯಪ್ರಾಣಿಯ ಸಿನಿಮಾಕ್ಕೆ ಹೋಗಿದ್ದೆ. ಮೊದಲ ದೃಶ್ಯದಲ್ಲೇ ಪ್ರಾಣಿಯನ್ನು ಪೂರ್ತಿ ತೋರಿಸಿಬಿಟ್ಟಿದ್ದಾರೆ, ಬುದ್ಧಿಗೇಡಿಗಳು. ಬಾಲವೊಂದು ಕಂಡರೆ ಸಾಕು, ಉಳಿದದ್ದನ್ನು ನಾವೇ ಕಲ್ಪಿಸಿಕೊಂಡು ನಡುಗುತ್ತೇವೆ ಎಂಬುದು ಈಗಲೂ ನನ್ನ ವಾದ.

ಆದರೂ ಅದು ಊರೊಳಗೆ ಕಾಲಿಟ್ಟಾಗ ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡೆ. "ಹೋಯ್ತು ಕಣೋ, ಕಣ್ಣು ಬಿಡು" ಅಂತ ನೀನು ಹೇಳುತ್ತಿದ್ದೆಯಲ್ಲ, ಅದಕ್ಕೇ ಕಾಯುತ್ತಾ ಕೂತೆ. ಕೊನೆಗೆ ಕಸ ಗುಡಿಸುವವಳು ಬಂದು, "ಏಳಪ್ಪಾ, ಎಲ್ರೂ ಹೋದ್ರು" ಅಂದಳು.

ಭಾವನಿಗೆ ಇಂಥದ್ದೆಲ್ಲ ಹಿಡಿಸುವುದಿಲ್ಲ, ಗೊತ್ತು. ಬಿಡುವಾದಾಗ ನೀನೊಬ್ಬಳೇ ನೋಡಿ, ಅದು ಹೋಯಿತೋ ಇಲ್ಲವೋ ಎಂದು ಒಂದು ಸಾಲು ಬರೆ. ಅಲ್ಲಿಯವರೆಗೆ ನನ್ನ ಪಾಲಿಗೆ ಅದು ಇನ್ನೂ ಊರೊಳಗೇ ಇರುತ್ತದೆ.

ನಿನ್ನ ಪುಕ್ಕಲ ತಮ್ಮ